ಹೊರಗಿನ ವಕೀಲರಿಗೆ ಒಳಗಿನವರ ಶಾಭಾಸ್‌ಗಿರಿ

ದೊಡ್ಡ ಕಂಪನಿಗಳ ಒಳಗೆ ಪಗಾರಕ್ಕೆ ಕೂತ ಕಾನೂನು ತಂಡದವರು, ಹೊರಗಿನಿಂದ ಬಂದು ತಮ್ಮ ಕೈ ಹಿಡಿದ ವಕೀಲರಿಗೆ ಪ್ರಶಸ್ತಿ ಕೊಡೋದು ಈಗ ಒಂದು ದೊಡ್ಡ ವಹಿವಾಟು. ಪಟ್ಟಿ ಅಂತಾರೆ, ದರ್ಜೆ ಅಂತಾರೆ, ವರ್ಷದ ವಕೀಲ ಅಂತಾರೆ. ಹೋಟೆಲ್ಲಿನ ದೊಡ್ಡ ಸಭಾಂಗಣ, ಗಾಜಿನ ಫಲಕ, ಮರುದಿನ ಲಿಂಕ್ಡ್‌ಇನ್‌ನಲ್ಲಿ ಫೋಟೊ, ಅದರ ಕೆಳಗೆ ತಾನೆಷ್ಟು ವಿನಮ್ರ ಅಂತ ಹೇಳುವ ಒಂದು ಸಾಲು. ಇಷ್ಟು ವಿನಯ ನಮ್ಮ ಕಡೆ ಮದುವಿ ಪತ್ರಿಕಾದಾಗೂ ಕಾಣಸಂಗಿಲ್ಲ.

ಈ ಪಟ್ಟಿಗಳನ್ನು ನಕ್ಕು ಬಿಟ್ಟುಬಿಡಬಹುದಿತ್ತು. ಬಿಡಲಾಗದ್ದಕ್ಕೆ ಕಾರಣ ಇದೆ. ಹೊರಗಿನ ವಕೀಲ ಕಂಪನಿಗೆ ಏನು ಹೇಳುತ್ತಾನೆ ಅನ್ನುವುದರ ಮೇಲೆ ಭೂಸನೂರಿನಂಥ ಊರಲ್ಲಿ ಸಾವಿರಾರು ಮನೆಗಳ ದುಡ್ಡು ನಿಂತಿರುತ್ತದೆ. ಅವನಲ್ಲಿ ಯಾವ ಗುಣ ಹೊಗಳಲಾಗುತ್ತದೆಯೋ ಆ ಗುಣವೇ ಬೆಳೆಯುತ್ತದೆ. ಹಾಗಾಗಿ ಯಾವುದನ್ನು ಹೊಗಳ್ತಿದ್ದಾರೆ ಅಂತ ಒಮ್ಮೆ ಹತ್ತಿರದಿಂದ ನೋಡೋದು ಒಳ್ಳೇದು.

ಈ ಚಾಳಿ ಹುಟ್ಟಿದ್ದು ನಮ್ಮಲ್ಲಲ್ಲ. ಲಂಡನ್ನಿನಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಲೀಗಲ್ 500 ಮತ್ತು ಅದರ ಬೆನ್ನಿಗೇ ಚೇಂಬರ್ಸ್ ಅಂಡ್ ಪಾರ್ಟ್ನರ್ಸ್ ಡೈರೆಕ್ಟರಿಗಳು ಶುರುವಾದವು. ಅಮೆರಿಕದಲ್ಲಿ ಅಮೆರಿಕನ್ ಲಾಯರ್ ಪತ್ರಿಕೆ 1985ರಲ್ಲಿ ಅತಿ ಹೆಚ್ಚು ಗಳಿಸುವ 50 ಸಂಸ್ಥೆಗಳ ಪಟ್ಟಿ ಹಾಕಿ, ಒಬ್ಬೊಬ್ಬ ಪಾಲುದಾರನ ಪಾಲಿಗೆ ಎಷ್ಟು ಲಾಭ ಬಂತು ಅಂತ ಬಹಿರಂಗ ಮಾಡಿತು. ಅಲ್ಲಿಂದ ವಕೀಲಿಕೆಗೂ ಕ್ರಿಕೆಟ್ಟಿನ ಹಾಗೆ ಸ್ಕೋರು ಬಂತು. ಆಮೇಲೆ ಬಂದದ್ದು ಕಕ್ಷಿದಾರರಿಂದಲೇ ಕೇಳಿ ಪಟ್ಟಿ ಮಾಡುವ ಕ್ರಮ. ಮ್ಯಾಸಚುಸೆಟ್ಸ್‌ನ ಬಿಟಿಐ ಅನ್ನೋ ಸಲಹಾ ಸಂಸ್ಥೆ ಪ್ರತಿವರ್ಷ ಹೊರಡಿಸುವ ‘ಆಲ್-ಸ್ಟಾರ್’ ಪಟ್ಟಿಯಲ್ಲಿ ವಕೀಲ ತನ್ನ ಹೆಸರು ತಾನೇ ಸೂಚಿಸುವಂತಿಲ್ಲ. ಕಂಪನಿಯ ಕಾನೂನು ಮುಖ್ಯಸ್ಥರನ್ನು ಮಾತಾಡಿಸುವಾಗ ಅವರ ಬಾಯಿಂದ ತಾನಾಗಿ ಬಂದ ಹೆಸರಷ್ಟೇ ಲೆಕ್ಕಕ್ಕೆ.

ಎರಡೂ ಒಂದೇ ಅಂತ ತಿಳಿಯಬಾರದು. ಚೇಂಬರ್ಸ್ ಮಾದರಿಯಲ್ಲಿ ವಕೀಲರ ಸಂಸ್ಥೆಯೇ ಅರ್ಜಿ ಬರೆಯಬೇಕು. ವರ್ಷದ ದೊಡ್ಡ ಕೆಲಸಗಳನ್ನು ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದು, ವಿಚಾರಿಸಲಿಕ್ಕೆ 20 ಜನ ಕಕ್ಷಿದಾರರ ಹೆಸರು ಕೊಡಬೇಕು. ದರ್ಜೆಗೆ ದುಡ್ಡಿಲ್ಲ, ಖರೆ. ಆದರೆ ಆ ಅರ್ಜಿ ಬರೆಯೋದಕ್ಕೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡ ಸಂಸ್ಥೆಗೂ, ಆಳಂದ ಕೋರ್ಟಿನ ಎದುರು ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಒಬ್ಬ ಮುನಶಿ ಇರುವ ವಕೀಲನಿಗೂ ಅಲ್ಲೇ ಹೋಲಿಕೆ ಮುಗಿಯಿತು. ಬಿಟಿಐ ಮಾದರಿ ಇದಕ್ಕಿಂತ ಪ್ರಾಮಾಣಿಕ. ಕೆಲಸ ಮಾಡಿಸಿಕೊಂಡವನನ್ನೇ ಕೇಳ್ತಾರೆ. ಆದರೆ ಅಲ್ಲೂ ಒಂದು ಗಂಟಿದೆ. ಕೆಲಸ ಮಾಡಿಸಿಕೊಂಡವನನ್ನು ಮಾತ್ರ ಕೇಳ್ತಾರೆ.

ಇನ್ನು ಹೊಗಳಿಕೆಯ ಭಾಷೆ. ಯಾವ ಪಟ್ಟಿ ತೆಗೆದರೂ ಬೇಗ ಉತ್ತರ ಕೊಡ್ತಾರೆ, ವ್ಯವಹಾರ ಅರ್ಥ ಮಾಡ್ಕೊಳ್ತಾರೆ, ನಮ್ಮ ತಂಡದ ಮುಂದುವರಿಕೆಯ ಹಾಗೆಯೇ ಕೆಲಸ ಮಾಡ್ತಾರೆ ಅನ್ನುವ ಧಾಟಿಯೇ ಸುತ್ತಿ ಸುತ್ತಿ ಬರುತ್ತದೆ. ಮೊದಲ ಎರಡರ ಬಗ್ಗೆ ತಕರಾರಿಲ್ಲ. ಫೋನ್ ಎತ್ತದ ವಕೀಲ ಯಾರಿಗೂ ಬೇಡ. ಮೂರನೆಯದರ ಹತ್ತಿರ ನಾನು ನಿಲ್ಲುತ್ತೇನೆ. ಹೊರಗಿನವನು ಒಳಗಿನವರ ಮುಂದುವರಿಕೆ ಆಗೋದೇ ಆದರೆ ಹೊರಗಿನವನು ಯಾಕೆ ಬೇಕು? ಹೊರಗಿದ್ದಾನೆ ಅನ್ನೋದೇ ಅವನ ಬೆಲೆ. ಅದನ್ನೇ ಅಳಿಸಿಹಾಕಿ ಶಾಭಾಸ್ ಅನ್ನುವುದು ಎಮ್ಮಿ ಹಾಲು ಕೊಡೂದಿಲ್ಲ ಆದ್ರ ನೋಡ್ಲಿಕ್ಕೆ ಆಕಳ ಹಂಗ ಅದ ಅಂತ ಹೊಗಳಿದಂಗೆ.

ನಮ್ಮ ದೇಶದಲ್ಲಂತೂ ಒಳಗು-ಹೊರಗಿನ ಗೆರೆ ಬರೀ ಮಾತಿನದ್ದಲ್ಲ, ಕಾನೂನಿನದ್ದು. 1961ರ ವಕೀಲರ ಕಾಯ್ದೆಯ ಕೆಳಗೆ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳಲ್ಲಿ 49ನೆಯದು, ವೃತ್ತಿಯಲ್ಲಿರುವ ವಕೀಲ ಯಾವುದೇ ವ್ಯಕ್ತಿ, ಸರ್ಕಾರ, ಕಂಪನಿಯ ಪೂರ್ಣಾವಧಿ ಸಂಬಳದ ನೌಕರ ಆಗಿರಬಾರದು ಅನ್ನುತ್ತದೆ. ಕಂಪನಿ ನೌಕರಿಗೆ ಸೇರಿದ ದಿನ ಸನದನ್ನು ಅಮಾನತಿನಲ್ಲಿಡಬೇಕು. ಹಿಮಾಚಲದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತ ಮಾಡಿತು. ಅಂದರೆ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಇಡೀ ಕಂಪನಿಯ ಕಾನೂನು ನೋಡಿಕೊಳ್ಳುವ ಮುಖ್ಯಸ್ಥ ಆಳಂದದ ಸಿವಿಲ್ ಕೋರ್ಟಿನಲ್ಲಿ ಎದ್ದು ನಿಂತು ಒಂದು ಮುದ್ದತ್ತು ಕೇಳುವಂತಿಲ್ಲ. ನಿನ್ನೆ ಸನದು ತಗೊಂಡ ಹುಡುಗ ಕೇಳಬಹುದು.

ಇದಕ್ಕಿಂತ ದೊಡ್ಡದು ಗುಟ್ಟಿನ ಮಾತು. ಕಕ್ಷಿದಾರ ವಕೀಲನಿಗೆ ಹೇಳಿದ್ದನ್ನು ಹೊರಗೆ ಹಾಕುವಂತಿಲ್ಲ ಅನ್ನೋ ರಕ್ಷಣೆ 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 132ನೇ ಕಲಮಾಗಿದೆ. ಸಲಹೆ ಕೊಟ್ಟ ಹಿರಿಯ ವಕೀಲರಿಬ್ಬರಿಗೆ ಜಾರಿ ನಿರ್ದೇಶನಾಲಯ ಸಮನ್ಸ್ ಕಳಿಸಿದ ಗದ್ದಲದ ನಂತರ ಸುಪ್ರೀಂ ಕೋರ್ಟ್ ತಾನಾಗಿ ಎತ್ತಿಕೊಂಡ ಪ್ರಕರಣದಲ್ಲಿ, 2025ರ ಅಕ್ಟೋಬರ್ 31ರಂದು, ಕಂಪನಿಯ ಸಂಬಳದ ವಕೀಲನಿಗೆ ಈ 132ರ ರಕ್ಷಣೆ ಇಲ್ಲ ಅಂತ ಹೇಳಿತು. ಅವನು ಕೋರ್ಟಿನಲ್ಲಿ ವಾದ ಮಾಡುವ ವಕೀಲನಲ್ಲ, ಧಣಿಯ ವ್ಯಾಪಾರದ ಲೆಕ್ಕಾಚಾರ ಅವನ ಮೇಲೆ ಇದ್ದೇ ಇರುತ್ತದೆ ಅನ್ನೋದು ಅದರ ತರ್ಕ. ಕಂಪನಿಯ ಪರವಾಗಿ ಅವನು ಹೊರಗಿನ ವಕೀಲನಿಗೆ ಹೇಳಿದ್ದಕ್ಕೆ 134ನೇ ಕಲಮಿನ ನೆರಳು ಸಿಗುತ್ತದೆ. ಧಣಿಗೂ ಅವನಿಗೂ ನಡುವೆ ನಡೆದ ಮಾತಿಗೆ ಸಿಗೋದಿಲ್ಲ. ಯುರೋಪಿನ ನ್ಯಾಯಾಲಯವೂ 2010ರಲ್ಲಿ ಆಕ್ಜೊ ನೊಬೆಲ್ ಕಂಪನಿಯ ಪ್ರಕರಣದಲ್ಲಿ, ಸ್ಪರ್ಧಾ ಕಾನೂನಿನ ತನಿಖೆಗಳ ಮಟ್ಟಿಗೆ, ಇದೇ ಬಗೆಯ ಮಾತು ಹೇಳಿತ್ತು.

ಹಾಗಾದರೆ ಹೊರಗಿನವನು ಒಳಗಿನ ತಂಡಕ್ಕೆ ‘ನೆರವು’ ಕೊಡುವವನು ಅನ್ನೋ ಮಾತೇ ಅರ್ಧ ಸುಳ್ಳು. ಅವನಿಲ್ಲದೆ ಆ ತಂಡಕ್ಕೆ ಬಾಯಿಯೂ ಇಲ್ಲ, ಬಾಗಿಲಿನ ಚಿಲಕವೂ ಇಲ್ಲ. ಇಷ್ಟು ದೊಡ್ಡ ಜಾಗ ಕಾನೂನು ಅವನಿಗೆ ಕೊಟ್ಟಿರೋದು ಅವನು ಸ್ವತಂತ್ರ ಅಂತ ನಂಬಿ.

ಈಗ ಭೂಸನೂರಿಗೆ ಬರೋಣ. ಆಳಂದ ತಾಲ್ಲೂಕಿನ ಈ ಊರಿಗೆ ಹೆಸರು ಬಂದದ್ದು ಸಕ್ಕರೆ ಕಾರ್ಖಾನೆಯಿಂದ. ಸಹಕಾರಿಯಾಗಿ ಹುಟ್ಟಿದ್ದು ಈಗ ಖಾಸಗಿ ಕಂಪನಿಯ ಕೈಯಲ್ಲಿದೆ, ಆ ಕಂಪನಿಯ ಮುಖ್ಯ ಕಚೇರಿ ಹೈದರಾಬಾದಿನಲ್ಲಿ. ಪಕ್ಕದ ಅಫಜಲಪುರದ ಹವಳಗಾ ಕಾರ್ಖಾನೆಯ ಕಂಪನಿ ಬೆಳಗಾವಿಯದು, ಚಿಣಮಗೇರಾದ್ದು ಕೊಯಮತ್ತೂರಿನದು, ಜೇವರ್ಗಿ ಸೀಮೆಯ ಮಳ್ಳಿ-ನಾಗರಹಳ್ಳಿಯದ್ದು ಸಾಂಗಲಿಯದು. ಕಬ್ಬು ಬೆಳೆಯೋದು ಭೀಮಾ-ಅಮರ್ಜಾ ದಂಡೆಯಲ್ಲಿ, ಸಹಿ ಬೀಳೋದು ನಾಲ್ಕು ದಿಕ್ಕಿನ ನಾಲ್ಕು ಊರಲ್ಲಿ, ದಾವೆ ಹೂಡೋದು ಆಳಂದ, ಅಫಜಲಪುರ, ಜೇವರ್ಗಿಯಲ್ಲಿ. ಮೇಲ್ಮನವಿಗೆ ಕಲಬುರಗಿ. 2008ರ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬರೋತನಕ ಏನಾದರೂ ಅಂದರೆ ಬೆಂಗಳೂರಿನ ರೈಲು ಹತ್ತಬೇಕಿತ್ತು, 2013ರ ಆಗಸ್ಟಿನಲ್ಲಿ ಅದು ಕಾಯಂ ಆಯಿತು. ಪೀಠ ಬಂದ ಮೇಲೆ ರೈತನಿಗೆ ಅನುಕೂಲ ಆಯ್ತು ಅಂತ ಎಲ್ಲರೂ ಬರೆದರು. ಕಂಪನಿಗಳಿಗೂ ಇಲ್ಲಿಯದೇ ವಕೀಲರ ಅಗತ್ಯ ಬಿತ್ತು ಅನ್ನೋದನ್ನು ಯಾರೂ ಬರೆಯಲಿಲ್ಲ.

ಇಲ್ಲಿಯ ವಕೀಲ ಕಂಪನಿಗೆ ಮಾಡಿಕೊಡುವ ಕೆಲಸ ಯಾವ ಪ್ರಶಸ್ತಿಯ ವಿಭಾಗಕ್ಕೂ ಹೊಂದೋದಿಲ್ಲ. ವಿಲೀನ, ಸ್ವಾಧೀನ, ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಅಂತ ಅವರ ಖಾನೆಗಳು. ಇಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ರಾತ್ರಿ ಹಿಂದಿನ ದೀಪವಿಲ್ಲದೆ ನಿಂತಿರುತ್ತದೆ, ಬೈಕಿನವನು ಬಂದು ಬಡಿಯುತ್ತಾನೆ, ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಟ್ರ್ಯಾಕ್ಟರಿಗೆ ವಿಮೆ ಇದ್ದು ಟ್ರೇಲರಿಗೆ ಇಲ್ಲ ಅನ್ನೋದರ ಮೇಲೆ ಮೂರು ವರ್ಷ ವಾದ ನಡೆಯುತ್ತದೆ. ಜಮೀನಿನ ಹಕ್ಕಿನ ಸರಪಳಿ ಹಿಡಿದು ಹಿಂದಕ್ಕೆ ಹೋದರೆ 1956ಕ್ಕಿಂತ ಮುಂಚಿನದ್ದು ಹೈದರಾಬಾದ್ ರಾಜ್ಯದ ಕಾಗದ, ಉರ್ದುವಿನಲ್ಲಿ ಬರೆದದ್ದು. ಅದರ ಬೆನ್ನಿಗೆ 1950ರ ಹೈದರಾಬಾದ್ ಗೇಣಿ ಕಾಯ್ದೆ. ಮುಂಬೈಯ ದೊಡ್ಡ ಸಂಸ್ಥೆಯ ಕಿರಿಯ ವಕೀಲೆಗೆ ಲ್ಯಾಪ್‌ಟಾಪಿನಲ್ಲಿ ಎಲ್ಲ ಸಿಗಬಹುದು, ಆ ಕಾಗದ ಓದಿ ಹೇಳುವ ಮುದುಕ ಎಲ್ಲಿದ್ದಾನೆ ಅನ್ನೋದು ಸಿಗೋದಿಲ್ಲ. ಅದು ಇಲ್ಲಿಯ ವಕೀಲನಿಗೆ ಗೊತ್ತಿರುತ್ತದೆ. ವಕೀಲ, ವಕಾಲತ್ತು, ಫಿರ್ಯಾದಿ, ಮಿಸಲು, ಮುದ್ದತ್ತು ಅಂತ ನಾವಿಂದಿಗೂ ಅನ್ನುವ ಮಾತುಗಳೆಲ್ಲ ಆ ದರಬಾರಿನಿಂದಲೇ ಬಂದವು.

ಚೆಕ್ಕಿನ ಕೇಸುಗಳದ್ದು ಇನ್ನೊಂದು ಲೋಕ. ಹಂಗಾಮಿಗೆ ಮೊದಲು ಕಟಾವು ಮತ್ತು ಸಾಗಣೆಯ ಗುತ್ತಿಗೆದಾರರಿಗೆ ಮುಂಗಡ ಕೊಡ್ತಾರೆ, ಭದ್ರತೆಗೆ ಚೆಕ್ ತಗೋತಾರೆ. ಗ್ಯಾಂಗು ಬರಲಿಲ್ಲ, ಬಂದು ಅರ್ಧಕ್ಕೆ ಓಡಿಹೋಯಿತು, ಚೆಕ್ ವಾಪಸ್ ಆಯಿತು. 138ನೇ ಕಲಮಿನ ಕೇಸು. 30 ದಿನದೊಳಗೆ ನೋಟಿಸು, 15 ದಿನದ ಅವಕಾಶ, ಅಲ್ಲಿಂದ ಒಂದು ತಿಂಗಳೊಳಗೆ ಫಿರ್ಯಾದು. ಎಲ್ಲಿ ಹಾಕಬೇಕು? 2014ರಲ್ಲಿ ಸುಪ್ರೀಂ ಕೋರ್ಟ್ ಚೆಕ್ ವಾಪಸ್ ಮಾಡಿದ ಬ್ಯಾಂಕು ಇರುವ ಊರಲ್ಲಿ ಅಂದಿತ್ತು. 2015ರ ತಿದ್ದುಪಡಿ ಅದನ್ನು ತಿರುಗಿಸಿ, ಹಣ ಪಡೆಯಬೇಕಾದವನ ಖಾತೆ ಇರುವ ಶಾಖೆಯ ಊರಲ್ಲಿ ಅಂತ ಮಾಡಿತು. ಕಂಪನಿಗೆ ಖಾತೆ ಎಲ್ಲಿ ಬೇಕಾದರೂ ಇರಬಹುದು. ಆಳಂದದ ಹಳ್ಳಿಯ ಟ್ರ್ಯಾಕ್ಟರಿನವನು ನೂರಾರು ಮೈಲಿಯಾಚೆಯ ಕೋರ್ಟಿಗೆ ತಿಂಗಳಿಗೊಮ್ಮೆ ಹೋಗೋದು ಅಂದರೆ ಅದೇ ಶಿಕ್ಷೆ, ತೀರ್ಪು ಬೇಕಾಗೇ ಇಲ್ಲ. ಒಳಗಿನ ತಂಡಕ್ಕೆ ಇದು ಅನುಕೂಲದ ವಿಷಯ. ‘ಸರ್, ಚೆಕ್ ಇಲ್ಲಿಯ ಶಾಖಾದಾಗ ಹಾಕ್ರಿ, ಇಲ್ಲೇ ಕೇಸ್ ಮಾಡೂಣು. ಅವ ಬರ್ತಾನ, ಲೋಕ ಅದಾಲತ್‌ದಾಗ ಕುಂಡ್ರಸ್ತೀನಿ, ರೊಕ್ಕ ಬರ್ತದ. ದೂರ ಹಾಕಿದ್ರ ವಾರಂಟ್ ಹೊಂಡ್ತದ, ರೊಕ್ಕ ಬರಂಗಿಲ್ಲ’ ಅಂತ ಫೋನಿನಲ್ಲಿ ಹೇಳುವ ತಾಲ್ಲೂಕು ವಕೀಲರಿದ್ದಾರೆ. ಹಾಗೆ ಹೇಳಿದ ಮೇಲೆ ಅವನಿಗೆ ಸಿಗುವ ಫೀ ಕಡಿಮೆ ಆಗುತ್ತದೆ, ಯಾಕಂದರೆ ಕೇಸು ಬೇಗ ಮುಗಿಯುತ್ತದೆ.

ಖರೆ ಪರೀಕ್ಷೆ ಇರೋದು ಮಾತ್ರ ಬೇರೆ ಕಡೆ. 1966ರ ಕಬ್ಬು ನಿಯಂತ್ರಣ ಆದೇಶದ 3ನೇ ಖಂಡ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು ಅನ್ನುತ್ತದೆ. ತಡವಾದರೆ ವರ್ಷಕ್ಕೆ 15 ಪ್ರತಿಶತ ಬಡ್ಡಿ. ಬಾಕಿಯನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಲಿಕ್ಕೂ ದಾರಿ ಇದೆ. ಈ 14 ದಿನವನ್ನು ಹೋರಾಟದವರು ಪ್ರತಿ ಹಂಗಾಮಿನಲ್ಲೂ ಮೈಕಿನಲ್ಲಿ ಹೇಳ್ತಾರೆ. ಮೈಕಿನಲ್ಲಿ ಕೇಳದ ಒಂದು ಮಾತು ಅದೇ ವಾಕ್ಯದ ನಡುವೆ ಕೂತಿದೆ: ಇಬ್ಬರ ನಡುವೆ ಇದಕ್ಕೆ ವಿರುದ್ಧವಾದ ಲಿಖಿತ ಕರಾರು ಇಲ್ಲದಿದ್ದರೆ, ಅಂತ.

ಆ ತುಂಡು ವಾಕ್ಯ ವಕೀಲರಿಗಾಗಿಯೇ ಬಿಟ್ಟ ಕಿಂಡಿ. ಕಬ್ಬು ನೋಂದಣಿ ಮಾಡುವಾಗ ರೈತ ಸಹಿ ಹಾಕುವ ಕರಾರಿನಲ್ಲಿ 14ರ ಜಾಗಕ್ಕೆ 60 ಅಂತಲೋ, ಸಕ್ಕರೆ ಮಾರಾಟದ ಸ್ಥಿತಿ ನೋಡಿಕೊಂಡು ಅಂತಲೋ ಒಂದು ಸಾಲು ಸೇರಿಸಲು ಎಷ್ಟು ಹೊತ್ತು? ಯಾವ ಕಾರ್ಖಾನೆ ಹಾಗೆ ಮಾಡಿದೆ, ಯಾವುದು ಮಾಡಿಲ್ಲ ಅನ್ನೋದು ಇಲ್ಲಿಯ ಮಾತಲ್ಲ. ಹಾಗೆ ಮಾಡಬಹುದಾ ಅಂತ ಒಳಗಿನ ತಂಡ ಹೊರಗಿನ ವಕೀಲನನ್ನು ಕೇಳಿದಾಗ ಅವನು ಏನು ಹೇಳುತ್ತಾನೆ ಅನ್ನೋದು ಮಾತು.

ಲೆಕ್ಕ ಹಾಕಿ ನೋಡಿ. 2025-26ರ ಹಂಗಾಮಿಗೆ ಕೇಂದ್ರ ಹೇಳಿದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ನಮ್ಮ ಬಾಯಲ್ಲಿ ಎಫ್‌ಆರ್‌ಪಿ, 10.25 ಪ್ರತಿಶತ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಟನ್ನಿಗೆ 3,550. ಕಟಾವು-ಸಾಗಣೆ ಮುರಿದುಕೊಳ್ಳೋದನ್ನು, ಇಳುವರಿ ಹೆಚ್ಚು-ಕಡಿಮೆ ಆಗೋದನ್ನು ಸದ್ಯ ಬದಿಗಿಡೋಣ. 100 ಟನ್ ಕಳಿಸಿದ ರೈತನಿಗೆ 3,55,000 ಬರಬೇಕು. ಒಂದು ತಿಂಗಳು ತಡವಾದರೆ 15 ಪ್ರತಿಶತದಂತೆ ಬಡ್ಡಿ 4,437 ರೂಪಾಯಿ. ಇದಕ್ಕಾಗಿ ಯಾವ ರೈತ ವಕೀಲನನ್ನು ಹಿಡಿಯುತ್ತಾನೆ? ವಕೀಲನ ಮೊದಲ ದಿನದ ಖರ್ಚಿಗೇ ಸಾಲದು. ಈಗ ಅದೇ ಲೆಕ್ಕವನ್ನು ಆಚೆ ದಡದಿಂದ ಮಾಡಿ. 5 ಲಕ್ಷ ಟನ್ ನುರಿಸಿದ ಕಾರ್ಖಾನೆ ಅಂತ ಇಟ್ಟುಕೊಂಡರೆ ಕೊಡಬೇಕಾದ್ದು 177 ಕೋಟಿ 50 ಲಕ್ಷ, ಅಷ್ಟಕ್ಕೂ ಒಂದು ತಿಂಗಳ ಬಡ್ಡಿ 2 ಕೋಟಿ 21 ಲಕ್ಷಕ್ಕೂ ಮೇಲೆ. ಒಂದು ಕಡೆ ಯಾರೂ ಕೋರ್ಟಿಗೆ ತರದಷ್ಟು ಸಣ್ಣ ಮೊತ್ತ, ಇನ್ನೊಂದು ಕಡೆ ಒಂದು ಸಾಲಿನಿಂದ ಉಳಿಯುವ ಎರಡು ಕೋಟಿ.

ಆ ಸಾಲನ್ನು ಗಟ್ಟಿಯಾಗಿ, ಕೋರ್ಟಿನಲ್ಲಿ ನಿಲ್ಲುವ ಹಾಗೆ ಬರೆದುಕೊಟ್ಟ ವಕೀಲನನ್ನು ಒಳಗಿನ ತಂಡ ಮರೆಯೋದಿಲ್ಲ. ವ್ಯವಹಾರ ಅರ್ಥ ಮಾಡ್ಕೊಂಡ, ಬೇಗ ಮಾಡಿಕೊಟ್ಟ, ನಮ್ಮವನ ಹಂಗೇ ಯೋಚನೆ ಮಾಡಿದ. ಪಟ್ಟಿಯವರು ಕೇಳುವ ಎಲ್ಲ ಗುಣಕ್ಕೂ ಪೂರ್ತಿ ಅಂಕ. ‘ಬ್ಯಾಡ್ರಿ ಸಾಹೇಬ್ರ, ಕಾನೂನು ಅವಕಾಶ ಕೊಟ್ಟದ ಅಂತ ಈ ಸಾಲು ಹಾಕಿದ್ರ ಮುಂದಿನ ವರ್ಷ ಕಬ್ಬು ಪಕ್ಕದ ಫ್ಯಾಕ್ಟರಿಗೆ ಹೋಗ್ತದ, ಗೇಟಿನ ಮುಂದ ಟೆಂಟ್ ಬೀಳ್ತದ, ಓದಲಿಕ್ಕೆ ಬರದವರ ಕಡಿಂದ ಸಹಿ ತಗೊಂಡೀರಿ ಅಂತ ಜಡ್ಜ್ ಸಾಹೇಬ್ರು ಕೇಳಿದ್ರ ನಾ ಏನ್ ಹೇಳ್ಲಿ’ ಅಂದ ವಕೀಲನ ಕೆಲಸ ಮಾತ್ರ ಎಲ್ಲೂ ಕಾಣೋದಿಲ್ಲ. ಅವನ ಸಲಹೆ ಕೇಳಿದರೆ ಕೇಸೇ ಹುಟ್ಟಲಿಲ್ಲ. ಹುಟ್ಟದ ಕೇಸನ್ನು ಅರ್ಜಿಯ ಯಾವ ಖಾನೆಯಲ್ಲಿ ಬರೆಯೋದು?

ಇದನ್ನು ನಾನು ನೀತಿ ಹೇಳಲಿಕ್ಕೆ ಬರೆಯುತ್ತಿಲ್ಲ. ವಕೀಲರ ಪರಿಷತ್ತಿನ ನಿಯಮಗಳಲ್ಲಿ 4ನೆಯದನ್ನು ಓದಿ ನೋಡಿ. ಕಕ್ಷಿದಾರ ಕೈಚಳಕದ, ಅನ್ಯಾಯದ ದಾರಿ ಹಿಡಿಯದ ಹಾಗೆ ತಡೆಯಲು ವಕೀಲ ತನ್ನ ಕೈಲಾದ್ದೆಲ್ಲ ಮಾಡಬೇಕು, ಹಟ ಹಿಡಿದರೆ ಅವನ ಕೇಸು ಬಿಡಬೇಕು, ತಾನು ಅವನ ಬರೀ ಬಾಯಿ ಅಂತ ತಿಳಿಯಬಾರದು, ಸ್ವಂತ ಬುದ್ಧಿ ಉಪಯೋಗಿಸಬೇಕು. ಇಷ್ಟೂ ಅದರಲ್ಲಿದೆ. ಹೊರಗಿನ ವಕೀಲನನ್ನು ಅಳೆಯಲು ಇದಕ್ಕಿಂತ ಚೊಕ್ಕ ಅಳತೆಗೋಲು ಬೇಕೆ? ನಾನು ನೋಡಿದ ಒಂದು ಪ್ರಶಸ್ತಿಯ ಮಾನದಂಡದಲ್ಲೂ ಇದರ ಸುಳಿವಿಲ್ಲ. ನಮಗೆ ಬೇಡವಾದ ಸಲಹೆಯನ್ನು ಈ ವರ್ಷ ನಿಮಗೆ ಯಾರು ಕೊಟ್ಟರು ಅಂತ ಒಂದೇ ಒಂದು ಪ್ರಶ್ನೆ ಸೇರಿಸಿದ್ದರೂ ಪಟ್ಟಿಯ ಅರ್ಧ ಹೆಸರು ಬದಲಾಗುತ್ತಿದ್ದವು ಅನ್ನೋದು ನನ್ನ ಅಂದಾಜು.

ಕೋರ್ಟುಗಳೂ ಇದರಲ್ಲಿ ಒಂದೇ ದನಿಯಲ್ಲಿ ಮಾತಾಡಿಲ್ಲ. 2024ರ ಮೇ 14ರಂದು ಡಿ.ಕೆ. ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರೋದಿಲ್ಲ ಅಂದಿತು. ವಕೀಲರ ಸಂಘಗಳು ಪಟಾಕಿ ಹೊಡೆದಷ್ಟು ಖುಷಿಪಟ್ಟವು. ಆ ತೀರ್ಪಿನ ಒಂದು ಕಾರಣ ಏನಂದರೆ ವಕೀಲನ ಮೇಲೆ ಕಕ್ಷಿದಾರನಿಗೆ ಸಾಕಷ್ಟು ನೇರ ಹಿಡಿತ ಇರುತ್ತದೆ, ಹಾಗಾಗಿ ಅದು ವೈಯಕ್ತಿಕ ಸೇವೆಯ ಕರಾರು ಅಂತ. ಅಂದರೆ ವಕೀಲ ಕಕ್ಷಿದಾರನ ಹತೋಟಿಯಲ್ಲಿದ್ದಾನೆ ಅನ್ನೋ ಕಾರಣಕ್ಕೆ ಅವನಿಗೆ ರಕ್ಷಣೆ. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಹೇಳಿದ್ದು ಹೊರಗಿನ ವಕೀಲ ಸ್ವತಂತ್ರ, ಒಳಗಿನವನಲ್ಲ, ಅದಕ್ಕೇ ಹೊರಗಿನವನಿಗೆ ಮಾತ್ರ ಗುಟ್ಟಿನ ರಕ್ಷಣೆ ಅಂತ. ಎರಡನ್ನೂ ಎದುರುಬದುರು ಇಟ್ಟು ಓದಿದರೆ ವಕೀಲರಿಗೆ ಎರಡೂ ಕಡೆ ಲಾಭ ಆಗಿದೆ ಅನ್ನೋದು ಗೊತ್ತಾಗುತ್ತದೆ. ತರ್ಕ ಹೊಂದುತ್ತದೆಯಾ ಅನ್ನೋದನ್ನು ಕಾನೂನು ಕಾಲೇಜಿನ ಹುಡುಗರಿಗೆ ಬಿಡ್ತೀನಿ.

ಪಟ್ಟಿಗಳಿಂದ ಏನೂ ಒಳ್ಳೇದಾಗಿಲ್ಲ ಅಂದರೆ ಅದು ಅನ್ಯಾಯ. ಕಂಪನಿ ಒಳಗಿನವರು ಹೊರಗಿನವರನ್ನು ಗಂಭೀರವಾಗಿ ಅಳೆಯಲು ಶುರುಮಾಡಿದ್ದೇ ಒಂದು ಸುಧಾರಣೆ. ಡ್ಯೂಪಾಂಟ್ ಕಂಪನಿ 1992ರ ಹೊತ್ತಿಗೆ ತನ್ನ ಮುನ್ನೂರಕ್ಕೂ ಹೆಚ್ಚು ವಕೀಲ ಸಂಸ್ಥೆಗಳ ಜಾತ್ರೆಯನ್ನು ನೋಡಿ ಸಾಕಾಗಿ, ಆಯ್ದ ಕೆಲವು ಹತ್ತು ಸಂಸ್ಥೆಗಳಿಗೆ ಇಳಿಸಿ, ಅವರ ಜೊತೆ ದೀರ್ಘಕಾಲದ ಸಂಬಂಧ ಕಟ್ಟಿತು. ಗಂಟೆಗಿಷ್ಟು ಅನ್ನೋ ಬಿಲ್ಲಿನ ಬದಲು ಫಲ ನೋಡಿ ಫೀ ಅನ್ನೋ ಮಾತು ಅಲ್ಲಿಂದ ಬಲ ಪಡೆಯಿತು. ನೆಂಟಸ್ತಿಕೆ, ಗಾಲ್ಫ್, ಒಂದೇ ಕಾಲೇಜು ಅನ್ನೋದರ ಮೇಲೆ ಕೆಲಸ ಹೋಗುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ಮೇಲು. ಜಾತಿ, ಶಾಸಕರ ಚೀಟಿ, ಮ್ಯಾನೇಜರನ ಊರು ಅಂತ ನೋಡಿ ಪ್ಯಾನೆಲ್ ಮಾಡುವ ನಮ್ಮ ಕಡೆಯ ರೂಢಿಗಂತೂ ಅಳತೆ ಅನ್ನೋದು ಯಾವ ರೂಪದಲ್ಲಿ ಬಂದರೂ ಸ್ವಾಗತ.

ಆದರೆ ಅದೇ ಡ್ಯೂಪಾಂಟ್ ಉಪಾಯ ತಾಲ್ಲೂಕಿಗೆ ಇಳಿದಾಗ ಬೇರೆಯದೇ ಆಗಬಹುದು. ನಿಯಮ 33ರ ಪ್ರಕಾರ ಒಂದು ಪ್ರಕರಣದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ವಕೀಲ ಅದರಲ್ಲಿ ಎದುರಾಳಿಯ ಪರ ನಿಲ್ಲುವಂತಿಲ್ಲ. ಬೆಂಗಳೂರಿನಲ್ಲಿ ಇದು ಸಮಸ್ಯೆಯಲ್ಲ, ವಕೀಲರು ಸಾವಿರಗಟ್ಟಲೆ. ಸಿವಿಲ್ ಕೆಲಸ ಚೆನ್ನಾಗಿ ಬಲ್ಲವರು ಬೆರಳೆಣಿಕೆಯಷ್ಟು ಇರುವ ತಾಲ್ಲೂಕು ಬಾರಿನಲ್ಲಿ, ಕಂಪನಿಯೊಂದು ಮೂವರನ್ನು ಪ್ಯಾನೆಲ್ಲಿಗೆ ಹಾಕಿಕೊಂಡು ವರ್ಷದ ಸಣ್ಣ ಗಂಟು ಕಟ್ಟಿದರೆ ರೈತನ ಪಾಲಿಗೆ ಉಳಿಯೋದು ನಾಲ್ಕನೆಯವನು. ನಿಯಮ ಅಷ್ಟು ಬಿಗಿಯಾಗಿ ಹಿಡಿಯದಿದ್ದರೂ ನಾಳೆಯ ಕೆಲಸದ ಆಸೆ ಹಿಡಿಯುತ್ತದೆ. ಕಂಪನಿಯವರನ್ನು ಯಾಕ ಎದುರು ಹಾಕ್ಕೋಬೇಕು ಅನ್ನೋ ಮಾತು ಬಾರ್ ರೂಮಿನಲ್ಲಿ ಗಟ್ಟಿಯಾಗಿ ಯಾರೂ ಆಡೋದಿಲ್ಲ, ಚಹಾ ಕುಡಿಯುವಾಗ ಆಡ್ತಾರೆ. ಹೊರಗಿನ ವಕೀಲರಿಗೆ ಕಂಪನಿ ಕೊಡುವ ಮನ್ನಣೆಯ ಈ ಮುಖ ಯಾವ ಸಮಾರಂಭದಲ್ಲೂ ಬರೋದಿಲ್ಲ.

ಇನ್ನು ತಾಲ್ಲೂಕು ವಕೀಲನನ್ನು ಯಾರಾದರೂ ಹೊಗಳಬೇಕು ಅಂದುಕೊಂಡರೂ ಅವನು ಅದನ್ನು ಗೋಡೆಗೆ ಹಚ್ಚುವಂತಿಲ್ಲ. ನಿಯಮ 36 ಜಾಹೀರಾತನ್ನು ನೇರವಾಗಿಯೂ ಸುತ್ತಿ ಬಳಸಿಯೂ ನಿಷೇಧಿಸುತ್ತದೆ. ಬೋರ್ಡು ಹಿತಮಿತವಾದ ಗಾತ್ರದ್ದಿರಬೇಕು. ಸಂಘದ ಅಧ್ಯಕ್ಷನಾಗಿದ್ದೆ, ನ್ಯಾಯಾಧೀಶನಾಗಿದ್ದೆ, ಇಂಥದ್ದರಲ್ಲಿ ಪರಿಣತ ಅಂತ ಅದರ ಮೇಲೆ ಬರೆಯುವಂತಿಲ್ಲ. ತಾನು ನಡೆಸಿದ ಕೇಸಿನ ಬಗ್ಗೆ ಪೇಪರಿನಲ್ಲಿ ಫೋಟೊ ಹಾಕಿಸಿಕೊಳ್ಳುವಂತಿಲ್ಲ. 2008ರಲ್ಲಿ ವೆಬ್‌ಸೈಟಿಗೆ ಅವಕಾಶ ಬಂತು, ಅದೂ ಹೆಸರು, ವಿಳಾಸ, ಓದು, ನೋಂದಣಿ ಸಂಖ್ಯೆ, ಯಾವ ಕ್ಷೇತ್ರದ ಕೆಲಸ ಅನ್ನೋವಷ್ಟಕ್ಕೆ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ವಕೀಲರನ್ನು ಅಂಗಡಿ ಸಾಮಾನಿನ ಹಾಗೆ ದರ್ಜೆ ಹಚ್ಚಿ ತೋರಿಸುವ ಜಾಲತಾಣಗಳ ಮೇಲೆ ಕೆಂಡವಾಯಿತು. ಇಷ್ಟೆಲ್ಲ ಇರುವ ದೇಶದಲ್ಲೇ ದೊಡ್ಡ ಸಂಸ್ಥೆಗಳು ವಿದೇಶಿ ಡೈರೆಕ್ಟರಿ ಕೊಟ್ಟ ಬಿರುದನ್ನು ಎದೆ ಮೇಲೆ ಹಾಕಿಕೊಂಡು ಓಡಾಡುತ್ತವೆ. ನಾವು ಹೊಗಳಿಕೊಳ್ಳಲಿಲ್ಲ, ಅವರು ಹೊಗಳಿದರು ಅನ್ನೋದು ಅವರ ಸಮಜಾಯಿಷಿ. ಅರ್ಜಿ ಬರೆದವರು ಯಾರು ಅಂತ ಕೇಳಬಾರದು. ಆಳಂದದ ವಕೀಲ ತನ್ನ ಬೋರ್ಡಿನ ಕೆಳಗೆ ‘ಸಕ್ಕರೆ ಕಾರ್ಖಾನೆ ಕೇಸುಗಳಲ್ಲಿ ತಜ್ಞರು’ ಅಂತ ಬರೆಸಿದರೆ ಅದು ದುರ್ನಡತೆ.

ಹಿರಿಯ ವಕೀಲ ಅನ್ನೋ ಗೌನು ಕೋರ್ಟೇ ಕೊಡುವ ಮನ್ನಣೆ. ಅದರ ಅಂಕಪದ್ಧತಿಯನ್ನು 2017ರಲ್ಲಿ ತಂದ ಸುಪ್ರೀಂ ಕೋರ್ಟೇ 2025ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟಿತು. ಮನುಷ್ಯನ ಯೋಗ್ಯತೆಗೆ ನೂರಕ್ಕೆ ಇಷ್ಟು ಅಂತ ಹಾಕಲು ನ್ಯಾಯಮೂರ್ತಿಗಳಿಗೇ ಆಗಲಿಲ್ಲ. ಪಟ್ಟಿ ಮಾರುವವರಿಗೆ ಆಗುತ್ತದೆ.

ಹಾಗಾದರೆ ಇಲ್ಲಿಯವನಿಗೆ ಮನ್ನಣೆ ಅಂದರೆ ಏನು? ಕೇಳಿದರೆ ಮೊದಲು ಬರುವ ಉತ್ತರ ಬಿಲ್ಲು. ಹಾಜರಿಗಿಷ್ಟು ಅಂತ ಗೊತ್ತುಮಾಡಿದ ದುಡ್ಡು ಹೊತ್ತಿಗೆ ಸರಿಯಾಗಿ ಬರೋದು. ಕಲಬುರಗಿಯಲ್ಲೇ ಮುಖ್ಯ ಕಚೇರಿ ಇರುವ ಸಾರಿಗೆ ನಿಗಮ, ಜೆಸ್ಕಾಂ, ಬ್ಯಾಂಕು, ವಿಮಾ ಕಂಪನಿ, ಸಕ್ಕರೆ ಕಂಪನಿ ಯಾವುದೇ ಇರಲಿ, ಪ್ಯಾನೆಲ್ ವಕೀಲಿಕೆ ಅಂದರೆ ಕೋಟು ಹಾಕಿಕೊಂಡು ಒಳಗಿನ ಗುಮಾಸ್ತನಿಗೆ ಫೋನ್ ಮಾಡೋದು ಅನ್ನೋ ನಗೆಮಾತು ಈ ಕಡೆ ಹಳೇದು. ರೈತನಿಗೆ 14 ದಿನ ಅಂತ ಒಂದು ಆದೇಶವಾದರೂ ಇದೆ, ತಡವಾದರೆ 15 ಪ್ರತಿಶತ ಇದೆ. ಆ ಆದೇಶದ ಮೇಲೆ ವಾದ ಮಾಡಿದ ವಕೀಲನ ಫೀಗೆ ಅಂಥ ಆದೇಶ ಇಲ್ಲ.

ಎರಡನೆಯದು ಹೆಸರು. ಕಂಪನಿಗಳ ವಾರ್ಷಿಕ ವರದಿಯ ಮೊದಲ ಪುಟಗಳಲ್ಲಿ ಲೆಕ್ಕ ಪರಿಶೋಧಕರು, ಬ್ಯಾಂಕುಗಳು, ಷೇರು ನೋಂದಣಿಯವರ ಹೆಸರು ಇರುತ್ತದೆ. ಕೆಲವರು ಬೆಂಗಳೂರು-ಮುಂಬೈಯ ಕಾನೂನು ಸಲಹೆಗಾರರ ಹೆಸರೂ ಹಾಕ್ತಾರೆ. ತಾಲ್ಲೂಕಿನ ವಕೀಲ ಹಿಂದಿನ ಪುಟಗಳಲ್ಲಿ, ‘ಕಾನೂನು ಮತ್ತು ವೃತ್ತಿಪರ ಶುಲ್ಕ’ ಅನ್ನೋ ಒಂದೇ ಸಾಲಿನಲ್ಲಿ, ಲಕ್ಷದ ಲೆಕ್ಕದಲ್ಲಿ ಕರಗಿ ಹೋಗಿರುತ್ತಾನೆ. ಆ ಮೊದಲ ಪುಟದಲ್ಲಿ ಇನ್ನೆರಡು ಸಾಲಿಗೆ ಜಾಗ ಇಲ್ಲದೇನಿಲ್ಲ. ವೃತ್ತಿ ನಿಯಮಕ್ಕೂ ಅದರಿಂದ ಧಕ್ಕೆ ಆಗಲಾರದು, ಅದು ವಕೀಲ ತಾನು ಕೊಟ್ಟ ಜಾಹೀರಾತಲ್ಲ.

ಸದ್ಯಕ್ಕೆ ಅವನ ಹೆಸರು ಅಚ್ಚಾಗುವ ಜಾಗ ಒಂದೇ. ಕಲಬುರಗಿ ಪೀಠದ ಆದೇಶದ ಮೊದಲ ಪುಟದಲ್ಲಿ, ಕಂಪನಿಯ ಹೆಸರಿನ ಕೆಳಗೆ, ಆವರಣದೊಳಗೆ, ಶ್ರೀ ಇಂಥವರು, ವಕೀಲರು ಅಂತ. ಅದರ ಕೆಳಗೆ ಎದುರುಗಾರ ರೈತನ ಹೆಸರು, ವಯಸ್ಸು, ಉದ್ಯೋಗ ಒಕ್ಕಲುತನ, ವಾಸ ಭೂಸನೂರು, ಅವನ ವಕೀಲನ ಹೆಸರು, ಅದೇ ಅಕ್ಷರದಲ್ಲಿ.